ಮುಂದಿನ ಮುಖ್ಯಶಿಕ್ಷಕರು ಯಾರು?

ಉತ್ತರಾಧಿಕಾರ ಯೋಜನೆಯೆಂದರೆ, ಹುದ್ದೆ ತೆರವಾಗುವ ಮೊದಲೇ ಅದನ್ನು ವಹಿಸಿಕೊಳ್ಳಬಲ್ಲವರನ್ನು ಗುರುತಿಸಿ, ಕೆಲಸದ ನಡುವೆಯೇ ಅವರನ್ನು ಅಣಿಗೊಳಿಸುವ ಕ್ರಮ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಶಿಕ್ಷಕರು 60ನೆಯ ವಯಸ್ಸಿಗೆ ನಿವೃತ್ತರಾಗುವುದು ಮೊದಲೇ ಗೊತ್ತಿರುವ ಸಂಗತಿಯಾದರೂ, ಬೀಳ್ಕೊಡುಗೆಯ ಹಾರ ಬಾಡುವ ಮುನ್ನವೇ ಸಾಮಾನ್ಯವಾಗಿ ಹಿರಿಯರೊಬ್ಬರ ಹೆಗಲಿಗೆ ‘ಪ್ರಭಾರ’, ಅಂದರೆ ಕಾಯಂ ನೇಮಕವಾಗುವವರೆಗಿನ ತಾತ್ಕಾಲಿಕ ಹೊಣೆ, ಬಂದು ಬೀಳುತ್ತದೆ. ಪಾಠದಲ್ಲಿ ಎಷ್ಟೇ ನುರಿತವರಾದರೂ ನಗದು ಪುಸ್ತಕ ಬರೆಯುವುದು, ಅಕ್ಷರ ದಾಸೋಹದ, ಅಂದರೆ ಶಾಲೆಯ ಬಿಸಿಯೂಟದ, ಅಕ್ಕಿ-ಬೇಳೆಯ ದಾಸ್ತಾನನ್ನು ಹಾಜರಾತಿಯೊಡನೆ ತಾಳೆ ನೋಡುವುದು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ ಕರೆದು ನಡಾವಳಿ ದಾಖಲಿಸುವುದು ಅವರಿಗೆ ಒಮ್ಮೆಲೇ ಎದುರಾಗುತ್ತವೆ. ಆದ್ದರಿಂದ ಮುಖ್ಯಶಿಕ್ಷಕರು ನಿವೃತ್ತಿಗೆ ಎರಡು ವರ್ಷವಿರುವಾಗಲೇ ಈ ಕೆಲಸಗಳನ್ನು ಇಬ್ಬರು ಸಹಶಿಕ್ಷಕರಿಗೆ ಸರದಿಯಂತೆ ಒಪ್ಪಿಸಿ, ಸಹಿ ತಮ್ಮದಿದ್ದರೂ ಲೆಕ್ಕ ಬರೆಯುವ ಕೈ ಅವರದಾಗುವಂತೆ ನೋಡಿಕೊಳ್ಳುವುದು ಒಳಿತು. ಒಬ್ಬರನ್ನೇ ಆರಿಸಿದರೆ ಶಿಕ್ಷಕರ ಕೊಠಡಿಯಲ್ಲಿ ಗುಸುಗುಸು ತಪ್ಪದು. ಮೇಲಾಗಿ ಅವರಿಗೆ ವರ್ಗಾವಣೆಯಾದರೆ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಇನ್ನು, ಯಾವ ಮನೆಯ ಮಗು ಸುಗ್ಗಿಯಲ್ಲಿ ಗೈರಾಗುತ್ತದೆ, ಯಾವ ಪೋಷಕರೊಡನೆ ಹೇಗೆ ಮಾತನಾಡಬೇಕು ಎಂಬಂಥ, ಕಡತಗಳಲ್ಲಿ ಸಿಗದ ತಿಳಿವಳಿಕೆಯನ್ನು ಆ ಇಬ್ಬರನ್ನೂ ಮನೆಭೇಟಿಗೆ ಜೊತೆಗೆ ಕರೆದೊಯ್ದೇ ದಾಟಿಸಬೇಕಾಗುತ್ತದೆ.