ಶಿಲುಬೆ ಯುದ್ಧಗಳು ಮತ್ತು ಕೊಪ್ಪಳದ ಕೋಟೆ

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನಾಡು ಯುದ್ಧಗಳನ್ನು ಬಹಳ ಕಂಡಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಈ ಸೀಮೆಗಾಗಿ ಬಹಮನಿಗಳು, ವಿಜಯನಗರದ ಅರಸರು, ಆದಿಲ್‌ಶಾಹಿಗಳು ಕಾದಾಡಿದರು. ಆ ಯುದ್ಧಗಳ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಅವನ್ನು ಎರಡು ಧರ್ಮಗಳ ಕಾಳಗವೆಂದು ಬಣ್ಣಿಸುತ್ತಾರೆ. ಕೇಳುವ ಮಕ್ಕಳ ಮನಸ್ಸಿನಲ್ಲಿ ನೆರೆಮನೆಯವನ ಬಗ್ಗೆ ಒಂದು ಮುಳ್ಳು ಉಳಿದುಬಿಡುತ್ತದೆ. ಆದುದರಿಂದ ಧರ್ಮದ ಹೆಸರಿನಲ್ಲೇ ನಡೆದ ಶಿಲುಬೆ ಯುದ್ಧಗಳನ್ನು ಮೊದಲು ತಿಳಿದು, ಅನಂತರ ನಮ್ಮ ಊರಿನ ಕೋಟೆಯ ಕಡೆಗೆ ನೋಡೋಣ.

1095ರ ನವೆಂಬರ್‌ನಲ್ಲಿ ಫ್ರಾನ್ಸಿನ ಕ್ಲೆರ್ಮಾಂಟ್ ಎಂಬಲ್ಲಿ ಎರಡನೆಯ ಅರ್ಬನ್ ಪೋಪ್ ಪೂರ್ವದ ಕ್ರೈಸ್ತರ ನೆರವಿಗೆ ಸೇನೆ ಹೊರಡಬೇಕೆಂದು ಕರೆ ಕೊಟ್ಟರು. ಹೊರಟವರು ಬಟ್ಟೆಯ ಮೇಲೆ ಶಿಲುಬೆಯ ಗುರುತು ಹೊಲಿಸಿಕೊಂಡರು. ಅಂದಿನ ಅರಬ್ ಚರಿತ್ರೆಕಾರರಾದರೋ ಇದನ್ನು ಶಿಲುಬೆ ಯುದ್ಧವೆಂದು ಕರೆಯಲಿಲ್ಲ. ಬಂದವರನ್ನು ಫ್ರಾಂಕರು, ಅಂದರೆ 'ಫರಂಜ್' ಎಂದರು. ನಮ್ಮ ಕನ್ನಡದ 'ಪರಂಗಿ' ಎಂಬ ಪದದ ಮೂಲವೂ ಅದೇ.

1099ರ ಜುಲೈ 15ರಂದು ಜೆರುಸಲೇಮ್ ಅವರ ವಶವಾಯಿತು. ನಗರದ ಮುಸ್ಲಿಮರನ್ನೂ ಯಹೂದಿಯರನ್ನೂ ಅವರು ಕೊಂದ ರೀತಿಯನ್ನು ಅವರದೇ ಬರಹಗಾರರು ದಾಖಲಿಸಿದ್ದಾರೆ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಮಹಾದೇವ ದೇವಾಲಯ ಎದ್ದದ್ದು 1112ರಲ್ಲಿ. ಅದಕ್ಕೆ ಕೇವಲ 13 ವರ್ಷ ಮೊದಲು ಆ ಪವಿತ್ರ ನಗರದ ಬೀದಿಗಳಲ್ಲಿ ರಕ್ತ ಹರಿದಿತ್ತು.

ಇಲ್ಲಿ ಒಂದು ಕಹಿ ಸತ್ಯವನ್ನು ಮುಚ್ಚಿಡಬಾರದು. ಆ ದಿನಗಳಲ್ಲಿ ಮುಸ್ಲಿಮ್ ಅರಸರು ಪರಸ್ಪರ ಕಾದಾಡುತ್ತಿದ್ದರು. ಹಿಂದಿನ ವರ್ಷ, 1098ರಲ್ಲಿ, ಈಜಿಪ್ಟಿನ ಫಾತಿಮಿಗಳು ಅದೇ ಜೆರುಸಲೇಮನ್ನು ಮುಸ್ಲಿಮರಾದ ತುರ್ಕರಿಂದಲೇ ಕಸಿದುಕೊಂಡಿದ್ದರು. 1140ರಲ್ಲಿ ದಮಾಸ್ಕಸ್‌ನ ಆಡಳಿತಗಾರ, ಮೋಸುಲಿನ ಝಂಗಿಗೆ ಹೆದರಿ ಜೆರುಸಲೇಮಿನ ಕ್ರೈಸ್ತ ಅರಸನ ಜೊತೆ ಕೈಜೋಡಿಸಿದ. 1148ರಲ್ಲಿ ಶಿಲುಬೆ ಸೇನೆ ಅದೇ ಮಿತ್ರನ ದಮಾಸ್ಕಸ್‌ಗೆ ಮುತ್ತಿಗೆ ಹಾಕಿತು. 1204ರಲ್ಲಂತೂ ಶಿಲುಬೆ ಧರಿಸಿದವರು ಲೂಟಿ ಮಾಡಿದ್ದು ಕ್ರೈಸ್ತರದ್ದೇ ಆದ ಕಾನ್‌ಸ್ಟಾಂಟಿನೋಪಲ್ ನಗರವನ್ನು! ಬಾವುಟದ ಮೇಲಿನ ಗುರುತು ಒಂದು, ಮನಸ್ಸಿನ ಆಸೆ ಇನ್ನೊಂದು.

1187ರ ಜುಲೈಯಲ್ಲಿ ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯವರು ಹಿತ್ತೀನ್ ಕದನದಲ್ಲಿ ಗೆದ್ದರು. ಅಕ್ಟೋಬರ್ 2ರಂದು, ಹಿಜರಿ 583ರ ರಜಬ್ 27ರಂದು, ಜೆರುಸಲೇಮ್ ಶರಣಾಯಿತು. 88 ವರ್ಷಗಳ ಹಿಂದಿನ ರಕ್ತಕ್ಕೆ ರಕ್ತದಿಂದಲೇ ಉತ್ತರ ಸಿಗುವುದೆಂದು ಒಳಗಿದ್ದವರು ನಡುಗುತ್ತಿದ್ದರು. ಆದರೆ ಹತ್ಯಾಕಾಂಡ ನಡೆಯಲಿಲ್ಲ. ಗಂಡಸಿಗೆ 10 ದೀನಾರ್, ಹೆಂಗಸಿಗೆ 5, ಮಕ್ಕಳಿಗೆ ಅದಕ್ಕೂ ಕಡಿಮೆ ಬಿಡುಗಡೆ ಹಣ ಗೊತ್ತಾಯಿತು. ಸುಲ್ತಾನರ ಸಹೋದರ ಅಲ್ ಆದಿಲ್ ಸಾವಿರ ಮಂದಿ ಬಡವರನ್ನು ತನಗಾಗಿ ಕೇಳಿ ಪಡೆದು ಬಿಡುಗಡೆ ಮಾಡಿದರು. ಸುಲ್ತಾನರು ಅನೇಕ ವೃದ್ಧರನ್ನು ಹಣವಿಲ್ಲದೆಯೇ ಕಳುಹಿಸಿದರು.

ಹಾಗೆಂದು ಎಲ್ಲವೂ ಶುಭ್ರವಾಗಿತ್ತೆಂದು ಬರೆಯುವುದು ಪ್ರಾಮಾಣಿಕತೆಯಲ್ಲ. ಹಣ ಹೊಂದಿಸಲಾರದ ಸಾವಿರಾರು ಮಂದಿ ಗುಲಾಮರಾದರು. ಹಿತ್ತೀನ್‌ನಲ್ಲಿ ಸೆರೆಸಿಕ್ಕ ಧಾರ್ಮಿಕ ಪಂಗಡಗಳ ಯೋಧರನ್ನು ಕೊಲ್ಲಿಸಲಾಗಿತ್ತು. 1191ರಲ್ಲಿ ಅಕ್ಕಾ ನಗರದ ಬಳಿ ಇಂಗ್ಲೆಂಡಿನ ರಿಚರ್ಡ್ ಸುಮಾರು 2,700 ಮುಸ್ಲಿಮ್ ಸೆರೆಯಾಳುಗಳನ್ನು ಕಡಿಸಿದ. 1268ರಲ್ಲಿ ಸುಲ್ತಾನ್ ಬೈಬರ್ಸನ ಸೇನೆ ಅಂತಾಕಿಯದಲ್ಲಿ ಕ್ರೈಸ್ತರನ್ನು ಕೊಂದಿತು. ಮೊದಲನೆಯದನ್ನು ಅನ್ಯಾಯವೆನ್ನುವ ನಾಲಗೆ ಎರಡನೆಯದನ್ನೂ ಅನ್ಯಾಯವೆನ್ನಬೇಕು. ಒಂದು ಜನಾಂಗದ ಮೇಲಿನ ದ್ವೇಷವು ನಮ್ಮನ್ನು ನ್ಯಾಯದಿಂದ ಜಾರಿಸಬಾರದೆಂದು ಪವಿತ್ರ ಕುರ್‌ಆನ್ ಅಲ್ ಮಾಇದಾ ಅಧ್ಯಾಯದಲ್ಲಿ ಆಜ್ಞಾಪಿಸುತ್ತದೆ. ಈ ಆಜ್ಞೆ ಗೆದ್ದವನಿಗೆ ಮಾತ್ರವಲ್ಲ, ಚರಿತ್ರೆ ಹೇಳುವವನಿಗೂ ಅನ್ವಯಿಸುತ್ತದೆ.

ಈಗ ಕೊಪ್ಪಳಕ್ಕೆ ಬನ್ನಿ. ಊರಿನ ಬೆಟ್ಟದ ಮೇಲಿನ ಕೋಟೆಯನ್ನು 1786ರಲ್ಲಿ ಟಿಪ್ಪು ಸುಲ್ತಾನರು ಪಾಳೆಯಗಾರನಿಂದ ವಶಪಡಿಸಿಕೊಂಡು ಬಲಪಡಿಸಿದರು. ಕಟ್ಟಿಕೊಟ್ಟವರು ಫ್ರೆಂಚ್ ಇಂಜಿನಿಯರುಗಳು. 1790ರಲ್ಲಿ ಈ ಕೋಟೆಗೆ ಮುತ್ತಿಗೆ ಬಿತ್ತು. ಮುತ್ತಿದವರು ಹೈದರಾಬಾದಿನ ನಿಜಾಮನ ಸೇನೆ ಮತ್ತು ಈಸ್ಟ್ ಇಂಡಿಯಾ ಕಂಪೆನಿಯವರು. ಆ ಸೇನೆಯೊಡನಿದ್ದ ಆಂಗ್ಲ ಅಧಿಕಾರಿ ಜಾನ್ ಮಾಲ್ಕಂ, ತಾನು ಭಾರತದಲ್ಲಿ ಕಂಡ ಅತ್ಯಂತ ಬಲಿಷ್ಠ ಕೋಟೆ ಇದೇ ಎಂದು ಹೇಳಿದ್ದಾನೆ. ತಿಂಗಳುಗಟ್ಟಲೆ ಹೋರಾಡಿ ಕೋಟೆ 1791ರಲ್ಲಿ ಶರಣಾಯಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದ ತರುವಾಯ ಕೊಪ್ಪಳ ನಿಜಾಮನ ಪಾಲಾಯಿತು.

ಓದುಗರು ಗಮನಿಸಬೇಕು. ಗೋಡೆಯ ಒಳಗೆ ಮುಸ್ಲಿಮ್ ಸುಲ್ತಾನನ ಸೈನ್ಯ, ಗೋಡೆ ಕಟ್ಟಿದವರು ಕ್ರೈಸ್ತ ನಾಡಿನವರು. ಗೋಡೆಯ ಹೊರಗೆ ಮುಸ್ಲಿಮ್ ನಿಜಾಮನ ಸೈನ್ಯ, ಅವನ ಮಿತ್ರರೂ ಕ್ರೈಸ್ತರೇ. ಆ ಕೂಟದಲ್ಲಿ ಪುಣೆಯ ಮರಾಠರೂ ಸೇರಿದ್ದರು. ಹಾಗಾದರೆ ಇದು ಯಾವ ಧರ್ಮದ ಯುದ್ಧ? ನೆಲದ ಯುದ್ಧ, ಕಂದಾಯದ ಯುದ್ಧ, ಅಧಿಕಾರದ ಯುದ್ಧ ಎನ್ನದೆ ಬೇರೆ ಉತ್ತರವಿಲ್ಲ.

ಗಂಗಾವತಿಯ ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪಿ. ವಿಜಯನಗರದ ಎರಡನೆಯ ದೇವರಾಯ ತನ್ನ ಸೇನೆಗೆ ಮುಸ್ಲಿಮ್ ಕುದುರೆ ಸವಾರರನ್ನೂ ಬಿಲ್ಲುಗಾರರನ್ನೂ ಸೇರಿಸಿಕೊಂಡಿದ್ದ. ಅವನ ಸೇವಕ ಅಹಮದ್ ಖಾನ್ 1439ರಲ್ಲಿ ಅಲ್ಲಿ ಮಸೀದಿ ಕಟ್ಟಿಸಿ, ಅದರ ಪುಣ್ಯ ತನ್ನ ಅರಸನಿಗೆ ಸಲ್ಲಲೆಂದು ಶಾಸನ ಬರೆಸಿದ. ಆ ಶಾಸನ ಇರುವುದು ಕನ್ನಡದಲ್ಲಿ, ಮಸೀದಿಯನ್ನು ಅದು ಕರೆದಿರುವುದು 'ಧರ್ಮಸಾಲೆ' ಎಂದು. ಇದೇ ದೇವರಾಯ ಬಹಮನಿ ಸುಲ್ತಾನರೊಡನೆ ಯುದ್ಧ ಮಾಡಿದವನೂ ಹೌದು. ಅರಸನ ಶತ್ರು ಯಾರೆಂಬುದೂ ಪ್ರಜೆಯ ದೇವರು ಯಾರೆಂಬುದೂ ಬೇರೆ ಬೇರೆ ಪ್ರಶ್ನೆಗಳೆಂದು ಆ ಕಾಲದವರು ಬಲ್ಲರು.

ಈ ಅಧ್ಯಯನದಿಂದ ನಾವು ಕಲಿಯಬೇಕಾದ್ದೇನು?

ಒಂದು, ಧರ್ಮದ ಹೆಸರು ಹಚ್ಚಿದ ಮಾತ್ರಕ್ಕೆ ಯಾವ ಯುದ್ಧವೂ ಧರ್ಮವಾಗದು. ಸೆರೆಯಾಳು, ಹೆಂಗಸು, ಮಗು, ಕೊಟ್ಟ ಮಾತು, ಇವುಗಳೊಡನೆ ನಡೆದುಕೊಂಡ ರೀತಿಯೇ ಅದರ ಒರೆಗಲ್ಲು.

ಎರಡು, ಪೂರ್ವಿಕರ ಗೆಲುವಿಗೆ ನಾವು ಬೀಗುವುದೂ, ಅವರ ತಪ್ಪಿಗೆ ಇಂದಿನ ನೆರೆಯವನನ್ನು ದೂಷಿಸುವುದೂ ಅರ್ಥಹೀನ. ಒಬ್ಬನ ಹೊರೆಯನ್ನು ಇನ್ನೊಬ್ಬನು ಹೊರಲಾರನೆಂಬುದು ನಮ್ಮ ವಿಶ್ವಾಸ.

ಮೂರು, 1192ರ ಸೆಪ್ಟೆಂಬರ್‌ನಲ್ಲಿ ರಿಚರ್ಡ್ ಮತ್ತು ಸಲಾಹುದ್ದೀನ್ ಒಪ್ಪಂದಕ್ಕೆ ಬಂದರು. ನಗರ ಮುಸ್ಲಿಮರಲ್ಲೇ ಉಳಿಯಿತು, ಕ್ರೈಸ್ತ ಯಾತ್ರಿಕರಿಗೆ ಬಾಗಿಲು ತೆರೆಯಿತು. ಅಕ್ಕಾದ ರಕ್ತ ಆರಿ ಒಂದೇ ವರ್ಷವಾಗಿತ್ತು. ಅಷ್ಟು ನೋವಿನ ಮೇಲೂ ಅವರಿಗೆ ಸಂಧಿ ಸಾಧ್ಯವಾದರೆ, ಒಂದೇ ಬಾವಿಯ ನೀರು ಕುಡಿದು ಒಂದೇ ಸಂತೆಯಲ್ಲಿ ಕೊಳ್ಳುವ ನಮಗೆ ಯಾಕೆ ಆಗದು?

ಮುಂದಿನ ಸಲ ಮಕ್ಕಳನ್ನು ಕೊಪ್ಪಳದ ಕೋಟೆಗೆ ಕರೆದೊಯ್ದಾಗ ಗೆದ್ದವರ ಹೆಸರಷ್ಟೇ ಹೇಳಬೇಡಿ. ಗೋಡೆಯ ಎರಡೂ ಕಡೆ ಯಾರ್ಯಾರು ನಿಂತಿದ್ದರೆಂದು ಪೂರ್ತಿ ಹೇಳಿ. ಪೂರ್ತಿ ಹೇಳಿದ ಸತ್ಯ ದ್ವೇಷಕ್ಕೆ ಮೇವಾಗುವುದಿಲ್ಲ. ದ್ವೇಷದ ನಡುವೆಯೂ ನ್ಯಾಯ ನುಡಿಯುವ ಧೈರ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.