ಪರವೂರಿನ ಊಟ ಮತ್ತು ಹಲಾಲ್

ಚಿಕಿತ್ಸೆಗೋ ವ್ಯಾಪಾರಕ್ಕೋ ಬೆಂಗಳೂರಿಗೆ ಹೋದಾಗ ಎಲ್ಲಿ ಉಣ್ಣಬೇಕೆಂಬ ಪ್ರಶ್ನೆ ನಿಮ್ಮನ್ನೂ ಕಾಡಿರಬಹುದು. ಸಂಶಯಾಸ್ಪದವಾದುದರಿಂದ ದೂರವಿರುವುದರಲ್ಲಿ ಧರ್ಮದ ಹಾಗೂ ಮಾನದ ರಕ್ಷಣೆಯಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ.

ಶಿವಾಜಿನಗರ ಮತ್ತು ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯಲ್ಲಿ ಮುಸ್ಲಿಮರ ಹೋಟೆಲುಗಳು ಸಾಕಷ್ಟಿವೆ. ಬೇರೆಡೆ ಮಾಂಸ ತಿನ್ನುವ ಮೊದಲು ಅದು ಹಲಾಲೇ ಎಂದು ಸೌಜನ್ಯದಿಂದ ವಿಚಾರಿಸಿರಿ. ಸಮಾಧಾನಕರ ಉತ್ತರ ಸಿಗದಿದ್ದರೆ ಸಸ್ಯಾಹಾರಿ ದರ್ಶಿನಿಗಳಲ್ಲಿ ಇಡ್ಲಿಯೋ ಅನ್ನ-ಸಾರೋ ದೊರೆಯುತ್ತದೆ. ಜೊತೆಗಿರುವ ರೋಗಿಯನ್ನೂ ಮಕ್ಕಳನ್ನೂ ಹಸಿವಿನಲ್ಲಿಡಬೇಕಾಗಿಲ್ಲ.

ಆದರೆ ಮುಸ್ಲಿಮ್ ಸಹೋದರನು ಬಡಿಸಿದ್ದನ್ನು ಕಾರಣವಿಲ್ಲದೆ ಶಂಕಿಸಬೇಡಿರಿ. ಇಸ್ಲಾಮಿಗೆ ಹೊಸದಾಗಿ ಬಂದವರು ತಂದ ಮಾಂಸದ ಬಗ್ಗೆ ಸಂದೇಹಪಟ್ಟವರಿಗೆ, ಅಲ್ಲಾಹನ ನಾಮ ಸ್ಮರಿಸಿ ತಿನ್ನುವಂತೆ ಪ್ರವಾದಿವರ್ಯರು(ಸ) ತಿಳಿಸಿದ್ದನ್ನು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ.

ಕೊನೆಯದಾಗಿ, ತಟ್ಟೆಯಲ್ಲಿರುವುದು ಹಲಾಲಾದರೆ ಸಾಲದು. ಅದಕ್ಕೆ ತೆರುವ ಹಣವೂ ಹಲಾಲ್ ಸಂಪಾದನೆಯದ್ದಾಗಿರಬೇಕು.