ಲಸಿಕೆಯ ಬಳಿಕ ಸಾಕುಪ್ರಾಣಿ ಅಸ್ವಸ್ಥವಾದರೆ

ನಾಯಿಗೋ ಬೆಕ್ಕಿಗೋ ಲಸಿಕೆ ಹಾಕಿಸಿ ಮನೆಗೆ ತಂದ ಸಂಜೆ ಅದು ಮಂಕಾಗಿ ಮೂಲೆ ಹಿಡಿದು, ಅನ್ನ ಮುಟ್ಟದೆ, ಸೂಜಿ ಚುಚ್ಚಿದೆಡೆ ತುಸು ಬಾತುಕೊಂಡು ಮೈ ಬೆಚ್ಚಗಾಗಿದ್ದರೆ, ಒಂದೆರಡು ದಿನಗಳಲ್ಲಿ ತಾನಾಗಿ ಶಮನವಾಗುವ ಆ ವಿಕಾರಕ್ಕಾಗಿ ವೈದ್ಯನ ಮೇಲೆ ಏರಿ ಹೋಗಬೇಕಾದುದಿಲ್ಲ. ಆದರೆ ಚುಚ್ಚಿದ ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಮೋರೆಯೂ ಕಣ್ಣ ರೆಪ್ಪೆಯೂ ಊದಿ, ಮೈಮೇಲೆ ದದ್ದುಗಳೆದ್ದು, ಮೇಲಿಂದ ಮೇಲೆ ವಾಂತಿಯಾಗಿ, ಉಸಿರು ಕಟ್ಟಿ, ತುಟಿಯೆತ್ತಿ ನೋಡಿದಾಗ ಒಸಡು ಬಿಳಿಚಿದ್ದರೆ ಅದು ತೀವ್ರ ಅಲರ್ಜಿ. ಅಡ್ರಿನಲಿನ್ ಚುಚ್ಚುಮದ್ದು ದೊರೆಯುವ ಚಿಕಿತ್ಸಾಲಯಕ್ಕೆ ಆ ಕ್ಷಣವೇ ಒಯ್ಯತಕ್ಕದ್ದು. ಮನೆಯಲ್ಲಿರುವ ಜ್ವರದ ಮಾತ್ರೆಯನ್ನು ಕೊಡಕೂಡದು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಬೆಕ್ಕಿನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು: ಚುಚ್ಚಿದೆಡೆಯ ಗಂಟು ಮೂರು ತಿಂಗಳಾದರೂ ಕರಗದಿದ್ದರೆ, ಎರಡು ಸೆಂಟಿಮೀಟರಿಗಿಂತ ದೊಡ್ಡದಾದರೆ, ಇಲ್ಲವೆ ಒಂದು ತಿಂಗಳ ಮೇಲೂ ಬೆಳೆಯುತ್ತಿದ್ದರೆ, ಅದು ಅರ್ಬುದವೇ ಎಂಬುದನ್ನು ಪರೀಕ್ಷಿಸಬೇಕು.

ಅಲರ್ಜಿಯಾದ ಮಾತ್ರಕ್ಕೆ ಅದು ವೈದ್ಯನ ನಿರ್ಲಕ್ಷ್ಯವೆನಿಸದು. ನಿರ್ಲಕ್ಷ್ಯವನ್ನು ಸಾಬೀತುಪಡಿಸುವ ಹೊಣೆ ದೂರುದಾರನದೇ. ಆದುದರಿಂದ ವಿವೇಚಿಸಬೇಕಾದದ್ದು ಲಸಿಕೆಯ ಹಿಂದುಮುಂದಿನ ನಡವಳಿಕೆಯನ್ನು: ಚುಚ್ಚುವ ಮೊದಲು ಪ್ರಾಣಿಯನ್ನು ಪರೀಕ್ಷಿಸಿದರೇ, ಹಿಂದೆ ಇಂಥ ತೊಂದರೆಯಾಗಿತ್ತೇ ಎಂದು ಕೇಳಿದರೇ, ಔಷಧಿಯ ಅವಧಿ ಮುಗಿದಿತ್ತೇ, ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿತ್ತೇ, ಚುಚ್ಚಿದವರು 1984ರ ಭಾರತೀಯ ಪಶುವೈದ್ಯ ಪರಿಷತ್ತು ಅಧಿನಿಯಮದನ್ವಯ ನೋಂದಾಯಿತರೇ ಅಥವಾ ಅಂಥವರ ಮೇಲ್ವಿಚಾರಣೆಯಲ್ಲಿದ್ದವರೇ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಗ್ರಾಹಕನಿಗೆ ಅಗತ್ಯವಾದ ಮಾಹಿತಿಯನ್ನು ಬುದ್ಧಿಪೂರ್ವಕವಾಗಿ ಬಚ್ಚಿಡುವುದನ್ನೂ ಸೇವಾನ್ಯೂನತೆಯೆಂದೇ ಗಣಿಸಿರುವುದರಿಂದ, ಯಾವ ಲಸಿಕೆ, ಯಾವ ಬ್ಯಾಚು ಎಂದು ಕೇಳಿದವನಿಗೆ ಉತ್ತರ ನಿರಾಕರಿಸುವ ಚಿಕಿತ್ಸಾಲಯವು ತನ್ನ ಪಕ್ಷವನ್ನು ತಾನೇ ದುರ್ಬಲಗೊಳಿಸಿಕೊಳ್ಳುತ್ತದೆ.

ಇಂಥ ದೂರುಗಳು ಪ್ರಾಯಶಃ ಸೋಲುವುದು ನ್ಯಾಯವಿಲ್ಲದೆ ಅಲ್ಲ, ಕಾಗದವಿಲ್ಲದೆ. ಲಸಿಕೆಯ ಶೀಶೆಯ ಮೇಲಿನ ಚೀಟಿಯನ್ನು ಕಿತ್ತು ಪ್ರಾಣಿಯ ಲಸಿಕಾ ಪುಸ್ತಕದಲ್ಲಿ ಅಂಟಿಸಿ, ದಿನಾಂಕ ಹಾಕಿ ಸಹಿ ಮಾಡುವ ಒಳ್ಳೆಯ ಪದ್ಧತಿ ಅನೇಕರಲ್ಲುಂಟು. ಹಾಗೆ ಮಾಡದವರಿಂದ ಕೇಳಿ ಮಾಡಿಸಿಕೊಳ್ಳಬೇಕು, ಏಕೆಂದರೆ ತಯಾರಕನ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಎಲ್ಲವೂ ಹೆಬ್ಬೆರಳಗಲದ ಆ ಚೀಟಿಯಲ್ಲಡಗಿರುತ್ತವೆ. ರಸೀತಿಯನ್ನು ಬಿಡಬಾರದು; ಊದಿದ ಮೋರೆಯ ಚಿತ್ರವನ್ನು ವೇಳೆ ಕಾಣುವಂತೆ ತೆಗೆದಿಡಬೇಕು; ತುರ್ತುಚಿಕಿತ್ಸೆ ನೀಡಿದ ವೈದ್ಯರಿಂದ ಲಕ್ಷಣಗಳನ್ನು ಬರೆಸಿಕೊಳ್ಳಬೇಕು. ದುರ್ದೈವದಿಂದ ಪ್ರಾಣಿ ಸತ್ತರೆ, ದುಃಖದ ಭರದಲ್ಲಿ ಒಡನೆ ಹೂಳುವವರೇ ಹೆಚ್ಚು. ಹೂಳಿದ ಮೇಲೆ ಕಾರಣವನ್ನು ನಿರ್ಣಯಿಸುವುದು ದುಸ್ಸಾಧ್ಯ. ಬೆಂಗಳೂರಿನ ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಸಮೀಪದ ಕಾಲೇಜನ್ನೋ ಸರಕಾರಿ ಪಶು ಆಸ್ಪತ್ರೆಯನ್ನೋ ಸಂಪರ್ಕಿಸಿ, ಶವವನ್ನು ಹೆಪ್ಪುಗಟ್ಟಿಸದೆ ತಂಪಿನಲ್ಲಿಟ್ಟು, ಬೇಗನೆ ಮರಣೋತ್ತರ ಪರೀಕ್ಷೆ ಮಾಡಿಸಬೇಕು.

ಅನಂತರ ಯಾರಲ್ಲಿಗೆ ಹೋಗಬೇಕೆಂಬುದು ಆಕ್ಷೇಪದ ಸ್ವರೂಪವನ್ನವಲಂಬಿಸಿದೆ. ಸಂಶಯ ಔಷಧಿಯ ಮೇಲಿದ್ದರೆ, ಪ್ರಾಣಿಗಳ ಔಷಧಿಗಳಿಗೂ ಅನ್ವಯವಾಗುವ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಅಧಿನಿಯಮದ 26ನೆಯ ಪ್ರಕರಣದ ಪ್ರಕಾರ, ಕೊಂಡವನು ನಿಗದಿತ ಶುಲ್ಕವನ್ನು ತೆತ್ತು ಸರಕಾರಿ ವಿಶ್ಲೇಷಕರಿಂದ ಅದರ ಪರೀಕ್ಷೆ ಮಾಡಿಸಿಕೊಳ್ಳಬಹುದು. ಔಷಧ ನಿರೀಕ್ಷಕರಿಗೆ ಬ್ಯಾಚ್ ಸಂಖ್ಯೆಸಹಿತ ದೂರನ್ನೂ ಕೊಡಬಹುದು. ವೈದ್ಯನ ವೃತ್ತಿನಡತೆಯ ಮೇಲಿನ ದೂರು ಕರ್ನಾಟಕ ಪಶುವೈದ್ಯ ಪರಿಷತ್ತಿಗೆ ಸಲ್ಲತಕ್ಕದ್ದು. ಅಲ್ಲಿ ಶಿಸ್ತುಕ್ರಮವನ್ನು ಅಪೇಕ್ಷಿಸಬಹುದು, ಹಣವನ್ನಲ್ಲ. ಪರಿಹಾರ ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗವೇ ಗತಿ: ಎರಡು ವರ್ಷಗಳೊಳಗೆ, ತಾನು ವಾಸಿಸುವ ಜಿಲ್ಲೆಯಲ್ಲಿಯೇ, ವಕೀಲರಿಲ್ಲದೆಯೂ ದೂರು ಹೂಡಬಹುದು, ತೆತ್ತ ಪ್ರತಿಫಲ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಅದಕ್ಕೆ ಮುಂಚೆ ಲಿಖಿತ ನೋಟೀಸು ಕೊಟ್ಟು ನೋಡುವುದು ಲೇಸು. 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ದೊರೆಯುತ್ತದೆ.

ಎಲ್ಲರಿಗೂ ಉಚಿತವಾಗಿ ಸೇವೆ ನೀಡುವ ಸರಕಾರಿ ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿದವನಿಗೆ ಮಾತ್ರ ಈ ಆಯೋಗದ ಬಾಗಿಲು ತೆರೆಯದು. ವೈದ್ಯಕೀಯ ಸೇವೆಯ ಕುರಿತು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ಹಾಗೆ ನಿರ್ಣಯಿಸಿದೆ. ಅಂಥವನು ಪಶುಪಾಲನಾ ಇಲಾಖೆಯ ಮೇಲಧಿಕಾರಿಗೆ ದೂರಿತ್ತು, 2005ರ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕದೊಡನೆ ಅರ್ಜಿ ಸಲ್ಲಿಸಿ, ಆ ದಿನದ ಲಸಿಕಾ ದಾಖಲೆ, ಬ್ಯಾಚ್ ವಿವರ, ಶೀತಪೆಟ್ಟಿಗೆಯ ಉಷ್ಣತೆಯ ನೋಂದಣಿ ಇವುಗಳ ನಕಲನ್ನು ಕೇಳಬಹುದು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಲ್ಲಿಯೇ ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು.